ಪೆಟ್ಟಿಗೆಯೊಳಗಿನ ಹಿಮ ಮಳೆಗಾಲದಲ್ಲಿ ಹಳದಿಯಾದದ್ದೇಕೆ?

ಪ್ರಶ್ನೆ: ನಮ್ಮದು ಉಡುಪಿ. ಮಗ ಅಮೆರಿಕದ ಮಿನೆಸೊಟದಲ್ಲಿದ್ದಾನೆ. ಹೋದ ಡಿಸೆಂಬರಿನಲ್ಲಿ ಅಲ್ಲಿಗೆ ಹೋದಾಗ ಸುಪೀರಿಯರ್ ಸರೋವರದ ಹತ್ತಿರ ಮರದ ದಿಮ್ಮಿಯ ಕ್ಯಾಬಿನ್ ಒಂದರಲ್ಲಿ ಮೂರು ದಿನ ಇದ್ದೆವು. ಅದರ ನೆನಪಿಗೆ ಮಾರ್ಚಿನಲ್ಲಿ ಒಂದು ಶ್ಯಾಡೋ ಬಾಕ್ಸ್ ಮಾಡಿದೆ, ಎಂದರೆ ಆ ಕ್ಯಾಬಿನ್ನಿನ ಪುಟ್ಟ ಮಾದರಿಯನ್ನು ಒಳಗೆ ಕೂರಿಸಿ ಗೋಡೆಗೆ ತೂಗುಹಾಕುವ ಪೆಟ್ಟಿಗೆ. 12 ಇಂಚು ಅಗಲ, 10 ಇಂಚು ಎತ್ತರ, 3 ಇಂಚು ಆಳ. ಮುಂದೆ ಗಾಜು, ಹಿಂದೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ. ಗೋಡೆಗೆ ತೋಟದ ಕಡ್ಡಿ, ಬಂಡೆಗೆ ಥರ್ಮಾಕೋಲ್, ಹಿಮಕ್ಕೆ ಅಡುಗೆ ಸೋಡ ಮತ್ತು ಪುಡಿ ಉಪ್ಪನ್ನು ಬಿಳಿ ಅಂಟಿನಲ್ಲಿ ಕಲಸಿದ್ದು, ಚಿಮಣಿಯ ಹೊಗೆಗೆ ಹತ್ತಿ. ಕಿಟಕಿಯೊಳಗೆ ಬಟನ್ ಸೆಲ್ಲಿನ ಸೀರಿಯಲ್ ಲೈಟು. ಜುಲೈ ಹೊತ್ತಿಗೆ ಹಿಮವೆಲ್ಲ ಹಳದಿ, ಕೆಳಗಿನ ಅಂಚು ಒದ್ದೆ. ಗಾಜಿಗೆ ಒಳಗಿನಿಂದ ಬಿಳಿ ಮಬ್ಬು, ಹಿಂದಿನ ಹಲಗೆಯಲ್ಲಿ ಕಪ್ಪು ಚುಕ್ಕೆ, ಅಲ್ಲಲ್ಲಿ ಓಡಾಡುವ ಬಿಳಿ ಹುಳ. ಲೈಟು ಮಿಣುಕಿ ಮಿಣುಕಿ ನಿಂತೇಹೋಯಿತು. ಪಕ್ಕದ ಮನೆಯವರು ಹೇಳಿದರೆಂದು ನುಸಿಗುಳಿಗೆ ಹಾಕಿದೆ, ಥರ್ಮಾಕೋಲ್ ಬಂಡೆಗಳು ಸೊರಗಿದವು. ಪೂರ್ತಿ ಬಿಚ್ಚಿ ಎಸೆಯಬೇಕೇ? ಸಿಲಿಕೋನ್ ಹಚ್ಚಿ ಗಾಳಿಯಾಡದಂತೆ ಮುಚ್ಚಿದರೆ ಸರಿಹೋದೀತೇ? ಇನ್ನೊಂದು: ‘ಚೆನ್ನಾಗಿದೆ ಅಮ್ಮ, ಆದರೆ ಆಟಿಕೆಯ ಹಾಗಿದೆ’ ಅಂದ ಮಗ. ಅದೇಕೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಉತ್ತರ: ಎಸೆಯಬೇಡಿ. ನೀವು ಬರೆದದ್ದನ್ನು ನೋಡಿದರೆ ಕ್ಯಾಬಿನ್ ಗಟ್ಟಿಯಾಗಿಯೇ ಇದೆ, ಹಾಳಾಗಿರುವುದು ಅದರ ಸುತ್ತಲಿನದು. ಹಿಮ, ಥರ್ಮಾಕೋಲ್, ಹತ್ತಿ, ಲೈಟು, ಹಿಂದಿನ ಹಲಗೆ, ಇವಿಷ್ಟು ಬದಲಾಗಬೇಕು. ಸಿಲಿಕೋನ್ ಹಚ್ಚುವ ಯೋಚನೆಯನ್ನು ಮಾತ್ರ ಈಗಲೇ ಬಿಡಿ. ಈ ಸ್ಥಿತಿಯಲ್ಲಿ ಮುಚ್ಚಿದರೆ ಒಳಗಿನ ನೀರನ್ನು ಒಳಗೇ ಕೂಡಿಹಾಕಿದ ಹಾಗೆ.

ನಿಮಗೆ ಬೇರೆಬೇರೆಯಾಗಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ, ನೀರು. ಅದು ಹೊರಗಿನಿಂದ ಸೋರಿದ್ದಲ್ಲ. ಒಳಗಿಟ್ಟ ಸಾಮಾನೇ ಗಾಳಿಯಿಂದ ಎಳೆದುಕೊಂಡದ್ದು. ಆಟಿ ತಿಂಗಳಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ತೇವ ಹೀರಿ ತಾನೇ ಕರಗತೊಡಗುತ್ತದೆ, ಮಳೆಗಾಲದ ಉಡುಪಿಯಲ್ಲಿ ತೇವಾಂಶ ಅದಕ್ಕಿಂತ ಮೇಲಿರುವುದೇ ಹೆಚ್ಚು. ಕೆಳಗಿನ ಅಂಚಿನಲ್ಲಿ ನಿಂತಿರುವುದು ಉಪ್ಪುನೀರು. ಲೈಟಿನ ತಾಮ್ರದ ತಂತಿಗೆ ಕಿಲುಬು ಹಿಡಿಸಿದ್ದೂ ಅದೇ. ತಂತಿ ಬೆಸೆದಿರುವ ಜಾಗಗಳನ್ನು ನೋಡಿ, ಹಸಿರು ಪುಡಿ ಸಿಕ್ಕೇ ಸಿಗುತ್ತದೆ.

ಹಳದಿ ಬಂದದ್ದು ಸೋಡದಿಂದ. ಅಡುಗೆ ಸೋಡದ ಹಿಮ ಬೆಳ್ಳಗೆ ಉಳಿಯುತ್ತದೆ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬಲವಾಗಿದೆ. ಮೊದಲ ಕೆಲವು ತಿಂಗಳು ನಿಜವಾಗಿಯೂ ಬೆಳ್ಳಗೇ ಇರುತ್ತದೆ, ಅದಕ್ಕೇ ಆ ನಂಬಿಕೆ. ಆದರೆ ಸೋಡ ಕ್ಷಾರ. ಒದ್ದೆಯಾದಾಗ ಅದು ಕಡ್ಡಿಯ ತೊಗಟೆಯೊಳಗಿನ ಚೊಗರನ್ನು ಎಳೆದು ಬಣ್ಣ ಬಿಡಿಸುತ್ತದೆ. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುತ್ತದಲ್ಲ, ಇದೂ ಅದೇ ಜಾತಿಯ ಕ್ರಿಯೆ. ಹಿಮವನ್ನು ಹತ್ತಿರದಿಂದ ನೋಡಿ: ಎಲ್ಲ ಕಡೆ ಒಂದೇ ಹಳದಿ ಇರಲಾರದು. ಕಡ್ಡಿಯ ಬುಡದಲ್ಲಿ ಕಂದು, ಅಲ್ಲಿಂದ ಹೊರಗೆ ಹೋದಂತೆ ತಿಳಿ, ಬಟ್ಟೆಗೆ ಚಹಾ ಚೆಲ್ಲಿದ ಕಲೆಯ ಹಾಗೆ ಅಂಚು ಕಟ್ಟಿರುತ್ತದೆ. ಬಿಳಿ ಅಂಟೂ ವಯಸ್ಸಾದಂತೆ ಸ್ವಲ್ಪ ಹಳದಿಗೆ ತಿರುಗುತ್ತದೆ. ಆದರೆ ನಾಲ್ಕು ತಿಂಗಳಲ್ಲಿ ಇಷ್ಟು ಆಗಿದ್ದರೆ ಮುಖ್ಯ ಕಾರಣ ಚೊಗರೇ.

ಗಾಜಿನ ಮಬ್ಬಿಗೆ ಮೂರು ಕಾರಣ ಇರಬಹುದು, ಮೂರನ್ನೂ ಗುರುತಿಸಲು ಬರುತ್ತದೆ. ಬೆಳಿಗ್ಗೆ ಇದ್ದು ಮಧ್ಯಾಹ್ನ ಮಾಯವಾದರೆ ಬರೀ ನೀರಿನ ಹನಿ. ಸಣ್ಣ ಹೊಳೆಯುವ ಹರಳಿನಂತಿದ್ದು ವಾಸನೆ ಬಂದರೆ ನುಸಿಗುಳಿಗೆಯ ನ್ಯಾಫ್ತಲೀನ್ ಆವಿಯಾಗಿ ಗಾಜಿನ ಮೇಲೆ ಕೂತದ್ದು. ಒಣ ಬಟ್ಟೆಗೆ ಬಿಳಿ ಪುಡಿಯಾಗಿ ಬಂದರೆ, ಅದರಲ್ಲೂ ಅಂಟು ಹಾಕಿದ ಜಾಗದ ಎದುರಿಗೇ ದಟ್ಟವಾಗಿದ್ದರೆ, ಅದು ಕ್ಷಣದಲ್ಲಿ ಹಿಡಿಯುವ ಅಂಟಿನ ಆವಿ. ಯಾವ ಕಂಪನಿಯದಾದರೂ ಆ ಬಗೆಯ ಅಂಟಿನ ಗುಣವೇ ಹಾಗೆ. ಅಂಟಿಸಿದ ಮೇಲೆ ಎರಡು ದಿನ ತೆರೆದಿಡದೆ ಮುಚ್ಚಿದರೆ ಆವಿ ಹೋಗಲು ದಾರಿಯಿಲ್ಲದೆ ಗಾಜಿನ ಮೇಲೆ ಕೂರುತ್ತದೆ. ಇದೇ ಅಂಟಿನ ಬಗ್ಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಅದನ್ನು ಹತ್ತಿಯ ಮೇಲೆ ಸುರಿಯಬೇಡಿ. ಹತ್ತಿಯ ಎಳೆ ತಾಗಿದ ಕೂಡಲೇ ಅದು ಜೋರಾಗಿ ಬಿಸಿಯಾಗುತ್ತದೆ, ಹೊಗೆಯಾಡುತ್ತದೆ, ಬೆರಳು ಸುಟ್ಟ ಉದಾಹರಣೆಗಳಿವೆ. ಮುಂದಿನ ಸಲ ಚಿಮಣಿಯ ಹೊಗೆಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಸಾಕು. ಅದು ನೀರನ್ನೂ ಹೀರುವುದಿಲ್ಲ.

ನುಸಿಗುಳಿಗೆ ಸಲಹೆ ಕೊಟ್ಟವರದ್ದು ಒಳ್ಳೆಯ ಮನಸ್ಸೇ. ಬಟ್ಟೆಯ ಪೆಟ್ಟಿಗೆಗೆ ಅದು ಸರಿ, ಇಲ್ಲಿಗೆ ಅಲ್ಲ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್, ನ್ಯಾಫ್ತಲೀನ್ ಆವಿ ಅದನ್ನು ಮೆದುವಾಗಿಸಿ ಕುಗ್ಗಿಸುತ್ತದೆ. ಬಿಳಿ ಹುಳದ ವಿಷಯಕ್ಕೆ ಭಯ ಬೇಡ. ಹಳೆಯ ಪುಸ್ತಕದಲ್ಲಿ ಓಡಾಡುವ ಸೂಜಿಮೊನೆಯಷ್ಟು ದೊಡ್ಡ ಹುಳವೇ ಆಗಿದ್ದರೆ ಅದು ತಿನ್ನುವುದು ಬೂಷ್ಟನ್ನು, ಎಂದರೆ ಹಿಂದಿನ ಹಲಗೆಯಲ್ಲಿ ನೀವು ಕಂಡ ಆ ಕಪ್ಪು ಚುಕ್ಕೆಗಳನ್ನು. ಬೂಷ್ಟು ಹೋದರೆ ತಾನೂ ಹೋಗುತ್ತದೆ. ಕಡ್ಡಿಯ ಕೆಳಗೆ ಹಿಟ್ಟಿನಂಥ ನುಣುಪಾದ ಪುಡಿ ಬಿದ್ದಿದ್ದರೆ ಮಾತ್ರ ಅದು ಮರ ಕೊರೆಯುವ ಹುಳ, ಆಗ ಕ್ಯಾಬಿನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಮೈಯೆಲ್ಲ ನೀರಾಗುತ್ತದೆ.

ಇನ್ನು ಗಾಳಿಯಾಡದಂತೆ ಮುಚ್ಚುವ ಪ್ರಶ್ನೆ. ಇಲ್ಲಿ ಒಂದು ಲೆಕ್ಕ ನೋಡಿದರೆ ವಿಷಯ ತಿಳಿಯಾಗುತ್ತದೆ. ನಿಮ್ಮ ಪೆಟ್ಟಿಗೆಯೊಳಗಿನ ಜಾಗ ಸುಮಾರು 6 ಲೀಟರ್. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ಗಾಳಿ ಪೂರ್ತಿ ತೇವ ತುಂಬಿಕೊಂಡರೂ ಅದರಲ್ಲಿರುವ ನೀರು 0.2 ಗ್ರಾಂ ಕೂಡ ಆಗುವುದಿಲ್ಲ. ಆದರೆ ಎಂಡಿಎಫ್, ಕಡ್ಡಿ, ರಟ್ಟು ಸೇರಿ 300 ಗ್ರಾಂ ಇದೆ ಎಂದುಕೊಳ್ಳಿ. ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಅಷ್ಟು ಮರ ಹೀರಿಕೊಳ್ಳುವ ನೀರು ಸುಮಾರು 20 ಗ್ರಾಂ. ನೀರಿರುವುದು ಮರದಲ್ಲಿ, ಗಾಳಿಯಲ್ಲಲ್ಲ. ಔಷಧದ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ತನ್ನ ತೂಕದ ಕಾಲು ಭಾಗದಷ್ಟು ನೀರು ಹೀರಬಲ್ಲದು. 5 ಗ್ರಾಂ ಪೊಟ್ಟಣ ಒಂದು ಗ್ರಾಂ ಚಿಲ್ಲರೆ ಹೀರಿ ಸುಮ್ಮನಾಗುತ್ತದೆ. ಈ ಪೆಟ್ಟಿಗೆಗೆ ಕೆಲಸಕ್ಕೆ ಬರಬೇಕಾದರೆ ಕನಿಷ್ಠ 100 ಗ್ರಾಂ ಬೇಕು. ಪೆಟ್ಟಿಗೆ ಬಿಗಿಯಾಗಿ ಮುಚ್ಚಿರಲೂ ಬೇಕು, ಇಲ್ಲದಿದ್ದರೆ ಅದು ಊರಿನ ಗಾಳಿಯನ್ನೇ ಒಣಗಿಸಲು ಹೊರಟಂತೆ.

ನಿಮ್ಮ ಮುಂದಿರುವ ದಾರಿಗಳು ಮೂರು. ಮೊದಲನೆಯದು ನಿಜಕ್ಕೂ ಬಿಗಿಯಾಗಿ ಮುಚ್ಚುವುದು. ಜನವರಿ, ಫೆಬ್ರುವರಿಯ ಒಣ ದಿನಗಳಲ್ಲೇ ಮುಚ್ಚಬೇಕು, ಒಳಗೆ ಎಂಡಿಎಫ್ ಇರಬಾರದು. ಹಲಗೆಯಿಂದ, ಅಂಟಿನಿಂದ ಹೊರಡುವ ಹುಳಿ ಆವಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲವಲ್ಲ. ಸಿಲಿಕೋನ್ ಹಚ್ಚುವುದೇ ಆದರೆ ವಿನೆಗರ್ ವಾಸನೆ ಬರುವ ಮಾಮೂಲಿ ಬಗೆ ಬೇಡ. ಒಣಗುವಾಗ ಅದು ಬಿಡುವುದು ಅಸಿಟಿಕ್ ಆಮ್ಲ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಕೇಳಿ ತನ್ನಿ. ಎರಡನೆಯದು ಪೆಟ್ಟಿಗೆ ನಿಧಾನವಾಗಿ ಉಸಿರಾಡುವಂತೆ ಮಾಡುವುದು: ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು 6 ಮಿ.ಮೀ. ತೂತು, ಒಳಗಿನಿಂದ ಸಣ್ಣ ಕಣ್ಣಿನ ನೈಲಾನ್ ಬಟ್ಟೆ ಅಂಟಿಸಿ. ಆಗ ಒಳಗಿನ ಪ್ರತಿ ವಸ್ತುವೂ ತೇವಕ್ಕೆ ಹೆದರದ್ದಾಗಿರಬೇಕು. ಮೂರನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದ ಇಳಿಸಿ, ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜತೆ ಇಟ್ಟುಬಿಡುವುದು. ಇದು ಎಲ್ಲಕ್ಕಿಂತ ಖಚಿತ. ಆದರೆ ಮಾಡಿದ್ದನ್ನು ವರ್ಷದಲ್ಲಿ ನಾಲ್ಕು ತಿಂಗಳು ನೋಡುವ ಹಾಗಿಲ್ಲ, ಇಳಿಸುವಾಗ ಏರಿಸುವಾಗ ಏನಾದರೂ ಕಳಚುವುದೂ ಇದೆ. ಕರಾವಳಿಯ ಮನೆಗೆ ಎರಡನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಬಿಚ್ಚುವ ಕೆಲಸ ಹೀಗೆ. ಮಳೆ ಬಿಟ್ಟ ದಿನ ಬಾಲ್ಕನಿಯಲ್ಲಿ ಕೂತು, ಎನ್‌95 ಮಾಸ್ಕ್ ಹಾಕಿಕೊಂಡು ಹಿಂದಿನ ಹಲಗೆ ತೆಗೆಯಿರಿ. ಬೂಷ್ಟನ್ನು ಬ್ರಷ್ಷಿನಿಂದ ಗುಡಿಸಿದರೆ ಎಲ್ಲೆಡೆ ಹರಡುತ್ತದೆ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆಯಿರಿ. ಬಣ್ಣವಿರುವಲ್ಲಿ ತಿಕ್ಕಬೇಡಿ, ಸ್ಪಿರಿಟ್ಟಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗುತ್ತದೆ. ಹಿಮದ ಮೇಲೆ ಉಗುರುಬಿಸಿ ನೀರಿನಲ್ಲಿ ನೆನೆಸಿದ ಟಿಶ್ಯೂ ಹಾಸಿ 20 ನಿಮಿಷ ಬಿಡಿ. ಬಿಳಿ ಅಂಟು ಮೆತ್ತಗಾಗಿ ಮೊಂಡ ಚಾಕುವಿಗೆ ಪದರವಾಗಿ ಏಳುತ್ತದೆ. ಆಮೇಲೆ ಸಿಹಿನೀರಿನ ಬಟ್ಟೆಯಿಂದ ಎರಡು ಸಲ, ಪ್ರತಿ ಸಲ ಹೊಸ ನೀರಿನಿಂದ ಒರೆಸಿ. ಉಪ್ಪು ಒಂದು ಚಿಟಿಕೆ ಉಳಿದರೂ ಅದು ಮುಂದಿನ ಮಳೆಗೆ ಮತ್ತೆ ನೀರು ಕರೆಯುತ್ತದೆ. ಮೂರು ದಿನ ಫ್ಯಾನಿನ ಕೆಳಗೆ ಒಣಗಿದ ಮೇಲೆ ಕಡ್ಡಿಗಳಿಗೆಲ್ಲ ಬಡಗಿಗಳು ಹಚ್ಚುವ ಅರಗಿನ ಪಾಲಿಶ್ ಎರಡು ಕೈ ಕೊಡಿ. ಚೊಗರನ್ನು ಒಳಗೇ ತಡೆಯುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅರಗು ಕ್ಷಾರಕ್ಕೆ ಕರಗುತ್ತದೆ, ಆದ್ದರಿಂದ ಸೋಡದ ಹಿಮ ಇನ್ನು ಮೇಲೆ ಅದರ ಹತ್ತಿರವೂ ಬರಬಾರದು.

ಹಾಗಾದರೆ ಹಿಮಕ್ಕೆ ಏನು? ಬಿಳಿ ಮಾರ್ಬಲ್ ಪುಡಿ. ರಂಗೋಲಿ ಪುಡಿಯೂ ಆಗುತ್ತದೆ, ಆದರೆ ಆ ಹೆಸರಿನಲ್ಲಿ ಬೇರೆಬೇರೆ ಕಲ್ಲಿನ ಪುಡಿ ಮಾರುತ್ತಾರೆ. ಒಂದು ಚಿಟಿಕೆಯ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣದ ಜಾತಿಯ ಕಲ್ಲು, ಬಳಸಬಹುದು. ಏಳದಿದ್ದರೆ ಬೆಣಚುಕಲ್ಲಿನ ಪುಡಿ ಇರಬಹುದು, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಬಿಡಿ. ಪುಡಿಯನ್ನು ತೆಳು ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ, ಮಾಸ್ಕ್ ಇರಲಿ. ನಾಲ್ಕು ದೊಡ್ಡ ಚಮಚ ಪುಡಿಗೆ ಒಂದು ದೊಡ್ಡ ಚಮಚ ಮ್ಯಾಟ್ ಅಕ್ರಿಲಿಕ್ ಮೀಡಿಯಂ (ಬಣ್ಣಕ್ಕೆ ಬೆರೆಸುವ, ಹೊಳಪಿಲ್ಲದ ಅಂಟು ದ್ರವ), ಒಂದು ಸಣ್ಣ ಚಮಚ ಟೈಟಾನಿಯಂ ಬಿಳಿ ಅಕ್ರಿಲಿಕ್ ಬಣ್ಣ, ನೀರು ಹನಿಹನಿಯಾಗಿ. ಹದ ಇಡ್ಲಿ ಹಿಟ್ಟಿನದು, ದೋಸೆ ಹಿಟ್ಟಿನಷ್ಟು ತೆಳ್ಳಗಾದರೆ ಒಣಗುವಾಗ ಬಿರುಕು ಬಿಡುತ್ತದೆ. ನಿಮ್ಮ ಪೆಟ್ಟಿಗೆಯ ನೆಲಕ್ಕೆ ಮತ್ತು ಕ್ಯಾಬಿನ್ನಿನ ಮಾಡಿಗೆ (ಚಾವಣಿಗೆ) ಇದು ಒಂದು ಪದರಕ್ಕೆ ಸಾಕು. ಗುಡ್ಡದ ಆಕಾರವನ್ನು ಹಿಮದಿಂದಲೇ ಎಬ್ಬಿಸಬೇಡಿ. 3 ಮಿ.ಮೀ. ಸನ್‌ಬೋರ್ಡನ್ನು (ಹಗುರವಾದ ಪ್ಲಾಸ್ಟಿಕ್ ನೊರೆಯ ಹಲಗೆ) ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಅಂಚು ಕೆತ್ತಿ, ಅದರ ಮೇಲೆ 2 ಮಿ.ಮೀ. ದಪ್ಪ ಹಚ್ಚಿ. ಹಸಿ ಇರುವಾಗಲೇ ಒಣ ಪುಡಿಯನ್ನು ಮಲ್ ಬಟ್ಟೆಯ ಗಂಟಿನಿಂದ ತಟ್ಟಿ ಉದುರಿಸಿ. ಮರುದಿನ ಪೆಟ್ಟಿಗೆ ಬೋರಲಾಗಿಸಿ ಬೆನ್ನು ತಟ್ಟಿದರೆ ಅಂಟದ ಪುಡಿ ಬೀಳುತ್ತದೆ. ಮುಂದೆ ಗಾಜೇ ಇರಲಿ. ಅಕ್ರಿಲಿಕ್ ಹಾಳೆ ಹಾಕಿದರೆ ಒರೆಸಿದಾಗ ಹುಟ್ಟುವ ವಿದ್ಯುತ್ತಿಗೆ ಉಳಿದ ಪುಡಿಯೆಲ್ಲ ಹಾರಿ ಅದಕ್ಕೇ ಅಂಟುತ್ತದೆ.

ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನದ ಪೆಟ್ಟಿಗೆಯೊಳಗೆ ಇಡುವ ಸಾಮಗ್ರಿಯನ್ನು ಬೆಳ್ಳಿ, ಸೀಸ, ತಾಮ್ರದ ತುಂಡುಗಳ ಜತೆ 60 ಡಿಗ್ರಿ ಬಿಸಿಯ ತೇವದಲ್ಲಿ 28 ದಿನ ಇಟ್ಟು ನೋಡುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ 1973ರಲ್ಲಿ ರೂಪುಗೊಂಡ ಆಡ್ಡಿ ಪರೀಕ್ಷೆ ಅದು. ಮನೆಯಲ್ಲಿ ಅಷ್ಟು ಬೇಡ. ಸನ್‌ಬೋರ್ಡ್ ಚೂರಿನ ಮೇಲೆ ಹಿಮ ಹಚ್ಚಿ ಒಣಗಿಸಿ, ಜತೆಗೆ ಉಜ್ಜಿ ಹೊಳಪಿಸಿದ ತಾಮ್ರದ ತಂತಿಯ ತುಂಡು ಮತ್ತು ಒಂದು ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟು ಗಾಜಿನ ಭರಣಿಯಲ್ಲಿ ಎರಡು ವಾರ ಮುಚ್ಚಿಡಿ. ಹಿಮ ಬೆಳ್ಳಗಿದ್ದು ತಂತಿ ಹೊಳೆಯುತ್ತಿದ್ದರೆ ಧೈರ್ಯವಾಗಿ ಬಳಸಿ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಆಟಿಕೆಯಂತೆ ಕಾಣುವುದು ಕೈಗೆಲಸದ ದೋಷದಿಂದ ಅಲ್ಲ, ಅಳತೆಯಿಂದ. ಕ್ಯಾಬಿನ್ನಿನ ಬಾಗಿಲು ಎಷ್ಟು ಎತ್ತರ ಇದೆ ಎಂದು ಅಳೆಯಿರಿ. ಸುಮಾರು 5 ಸೆಂ.ಮೀ. ಇದ್ದರೆ, ನಿಜವಾದ ಬಾಗಿಲು 2 ಮೀಟರ್ ಆದ್ದರಿಂದ ನಿಮ್ಮದು 1:40 ಪ್ರಮಾಣ. ಇಲ್ಲಿನ 1 ಸೆಂ.ಮೀ. ಅಲ್ಲಿನ 40 ಸೆಂ.ಮೀ. ಈ ಒಂದು ಲೆಕ್ಕ ಹಿಡಿದು ಪೆಟ್ಟಿಗೆಯಲ್ಲಿರುವ ಪ್ರತಿಯೊಂದನ್ನೂ ಅಳೆದು ನೋಡಿ, ತಪ್ಪು ತಾನಾಗಿ ಎದ್ದು ಕಾಣುತ್ತದೆ. ಪುಡಿ ಉಪ್ಪಿನ ಹರಳು ಅರ್ಧ ಮಿ.ಮೀ. ಇರಬಹುದು. ಆ ಲೆಕ್ಕದಲ್ಲಿ ಅದು 2 ಸೆಂ.ಮೀ., ಎಂದರೆ ನಿಮ್ಮ ಅಂಗಳದಲ್ಲಿ ಬಿದ್ದಿರುವುದು ಹಿಮವಲ್ಲ, ಆಲಿಕಲ್ಲು. ಕಣ್ಣಿಗೆ ಇದು ಲೆಕ್ಕವಾಗಿ ತಿಳಿಯುವುದಿಲ್ಲ, ಏನೋ ಸರಿಯಿಲ್ಲ ಎಂದಷ್ಟೇ ತಿಳಿಯುತ್ತದೆ. ಮಾಡಿನ ಅಂಚಿನಿಂದ ಇಳಿಬಿಡುವ ಹಿಮದ ಕೋಲುಗಳನ್ನು ಎಲ್ಲರೂ ಒಂದಿಂಚು ಮಾಡುತ್ತಾರೆ. ಒಂದಿಂಚು ಎಂದರೆ ಅಲ್ಲಿ ಒಂದು ಮೀಟರ್. ಅಂಥದೂ ಒಂದೆರಡು ಇರಬಹುದು, ಸಾಲಿಗೆ ಸಾಲೇ ಇರುವುದಿಲ್ಲ. ಹೆಚ್ಚಿನವು 4ರಿಂದ 8 ಮಿ.ಮೀ. ಒಳಗಿರಲಿ, ಒಂದರಂತೆ ಒಂದು ಇರದಿರಲಿ.

ಗೋಡೆಯ ದಿಮ್ಮಿ 25 ಸೆಂ.ಮೀ. ದಪ್ಪವಿದ್ದರೆ ನಿಮ್ಮ ಕಡ್ಡಿ 6 ಮಿ.ಮೀ. ಇರಬೇಕು. ಮಾಡಿನ ಮೇಲೆ ಮೊಣಕಾಲುದ್ದ ಹಿಮವೆಂದರೆ 10 ರಿಂದ 12 ಮಿ.ಮೀ. ಅದೂ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಗಾಳಿ ಬಡಿಯುವ ಬದಿಯಲ್ಲಿ ತೆಳು, ಮರೆಯ ಬದಿಯಲ್ಲಿ ದಪ್ಪ. ಚಿಮಣಿಯ ಸುತ್ತ ಬಿಸಿಗೆ ಕರಗಿ ಒಂದು ಬೆರಳಗಲ ಬರಿದು, ಅಲ್ಲಿ ಹಲಗೆ ಒದ್ದೆಯ ಕಪ್ಪಾಗಿ ಕಾಣಬೇಕು. ಹೆಜ್ಜೆ ಗುರುತು ಹಾಕುವುದಾದರೆ ಬೂಟು 8 ಮಿ.ಮೀ., ಹೆಜ್ಜೆಯಿಂದ ಹೆಜ್ಜೆಗೆ 15 ಮಿ.ಮೀ., ಬಾಗಿಲಿನಿಂದ ಸೌದೆಯ ರಾಶಿಗೆ ಹೋಗಿ ಬಂದಂತಿರಲಿ. ದಿಮ್ಮಿಯ ಸಂದಿಗಳ ಬಗ್ಗೆಯೂ ಒಂದು ಮಾತು. ಉತ್ತರ ಮಿನೆಸೊಟದಲ್ಲಿ ನೆಲೆಸಿದ ಫಿನ್ಲೆಂಡಿನ ವಲಸಿಗರು ಪ್ರತಿ ದಿಮ್ಮಿಯ ತಳವನ್ನು ಕೆಳಗಿನದರ ಮೈಗೆ ಸರಿಯಾಗಿ ಕೆತ್ತಿ, ಸಂದಿಯೇ ಕಾಣದಂತೆ ಕೂರಿಸುತ್ತಿದ್ದರು. ಸಂದಿಗೆ ದಪ್ಪ ಬಿಳಿ ಗಾರೆ ತುಂಬುವುದು ಬೇರೆ ಬಗೆಯ ಕ್ಯಾಬಿನ್. ನೀವು ತಂಗಿದ್ದು ಯಾವ ಬಗೆಯದು ಎಂದು ಫೋಟೊ ನೋಡಿ ನಿರ್ಧರಿಸಿ, ಎರಡನ್ನು ಬೆರೆಸಬೇಡಿ.

ಬಣ್ಣದಲ್ಲೂ ಇದೇ ಬಗೆಯ ತಪ್ಪಾಗುತ್ತದೆ. ಹಿಮ ಎಲ್ಲೆಡೆ ಒಂದೇ ಬಿಳಿ ಅಲ್ಲ. ನೆರಳಿನ ಭಾಗಕ್ಕೆ ಬೆಳಕು ಬರುವುದು ಆಕಾಶದಿಂದ, ಆದ್ದರಿಂದ ಅದು ನಸುನೀಲಿ. ಅಲ್ಟ್ರಾಮರೀನ್ ನೀಲಿಯ ಒಂದು ಹನಿಯನ್ನು ಎರಡು ಚಮಚ ನೀರಿಗೆ ಬೆರೆಸಿ ಸೂರಿನ ಕೆಳಗೆ, ಹೆಜ್ಜೆಯ ಗುಳಿಯಲ್ಲಿ, ಮರದ ಬುಡದಲ್ಲಿ ಸವರಿ. ಹಿಂದಿನ ಆಕಾಶದ ಹಾಳೆಯನ್ನು ಮೂಲೆಯಲ್ಲಿ ಮಡಿಸದೆ ಬಾಗಿಸಿ ಕೂರಿಸಿದರೆ ಪೆಟ್ಟಿಗೆಯ ಮೂಲೆ ಮರೆಯಾಗುತ್ತದೆ. ಅಲ್ಲಿನ ದೂರದ ಮರಗಳು ಬೂದುನೀಲಿ, ಹತ್ತಿರದವು ಕಡುಹಸಿರು.

ಮರಗಳಿಗೆ ನಿಮ್ಮ ಊರಿನಲ್ಲೇ ಬೇಕಾದ ಸಾಮಾನಿದೆ. ಬಾಟಲಿ ತೊಳೆಯುವ ಬ್ರಷ್ಷಿನಂತೆ ತಂತಿಯ ನಡುವೆ ನಾರು ಹೊಸೆದು ಮಾಡುವ ಮರಗಳಿಗೆ ತೆಂಗಿನ ನಾರು ಹೇಳಿ ಮಾಡಿಸಿದ್ದು. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 22 ಗೇಜಿನ ಇನ್ಸುಲೇಟೆಡ್ ತಾಮ್ರದ ತಂತಿ ಸಿಗುತ್ತದೆ, ಅದಕ್ಕೆ ತುಕ್ಕಿನ ಭಯವಿಲ್ಲ. 30 ಸೆಂ.ಮೀ. ತಂತಿಯನ್ನು ಎರಡಾಗಿ ಮಡಿಸಿ, ತೊಳೆದು ಒಣಗಿಸಿದ 5 ಸೆಂ.ಮೀ. ಉದ್ದದ ನಾರುಗಳನ್ನು ನಡುವೆ ಒಂದೇ ಪದರವಾಗಿ, ತೆಳುವಾಗಿ ಹರಡಿ. ದಟ್ಟ ಹಾಕಿದರೆ ನಾರು ಜಾರಿ ಗುಂಪುಕಟ್ಟುತ್ತದೆ. ಮಡಿಕೆಯನ್ನು ಮೊಳೆಗೆ ಸಿಕ್ಕಿಸಿ, ಬಿಡಿ ತುದಿಗಳನ್ನು ಡ್ರಿಲ್ಲಿಗೆ ಕಚ್ಚಿಸಿ ನಿಧಾನವಾಗಿ ತಿರುಗಿಸಿ. ನಾರು ಸುತ್ತಲೂ ನಿಂತ ಕೂಡಲೇ ನಿಲ್ಲಿಸಿ, ಮುಂದುವರಿದರೆ ತಂತಿ ತುಂಡಾಗಿ ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಕತ್ತರಿಯಿಂದ ಶಂಕುವಿನಂತೆ ಕತ್ತರಿಸಿ, ಕಡುಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ, ಹಿಮವನ್ನು ಕೊಂಬೆಗಳ ಮೇಲ್ಮೈಗೆ ಮಾತ್ರ ಕೊಡಿ. ಮುಂದಿನ ಮರ 10 ಸೆಂ.ಮೀ., ಹಿಂದಿನದು 5 ಸೆಂ.ಮೀ. ಇದ್ದರೆ 3 ಇಂಚಿನ ಆಳ ಇಮ್ಮಡಿಯಾಗಿ ಕಾಣುತ್ತದೆ.

ಲೈಟಿಗೆ ಬಟನ್ ಸೆಲ್ ಬೇಡ. ಮನೆಗೆ ಸಣ್ಣ ಮಕ್ಕಳು ಬರುವುದಿದ್ದರಂತೂ ಬೇಡವೇ ಬೇಡ. ನುಂಗಿದ ಬಟನ್ ಸೆಲ್ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕು: ಎರಡು ವಾರ್ಮ್ ವೈಟ್ ಎಲ್‌ಇಡಿ, ಪ್ರತಿಯೊಂದಕ್ಕೂ ತನ್ನದೇ 1 ಕಿಲೋ ಓಮ್ ರೆಸಿಸ್ಟರ್. ಸುಮಾರು 2 ಮಿಲಿ ಆಂಪ್ ಹರಿಯುತ್ತದೆ, ಕಂದೀಲಿನಷ್ಟು ಬೆಳಕು. ಅದಕ್ಕಿಂತ ಪ್ರಖರವಾದರೆ ಕಿಟಕಿ ಅಂಗಡಿಯ ಬೋರ್ಡಿನಂತೆ ಹೊಳೆಯುತ್ತದೆ. ಬೆಸುಗೆ ಹಾಕಿದ ಜಾಗಕ್ಕೆಲ್ಲ ಬಿಸಿ ತಾಗಿದಾಗ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಕ್ಯಾಬಿನ್ನಿನ ಒಳಗೋಡೆಗೆ ಕಪ್ಪು ಬಣ್ಣ ಹಚ್ಚದಿದ್ದರೆ ಬೆಳಕು ದಿಮ್ಮಿಯ ಸಂದಿಗಳಲ್ಲೆಲ್ಲ ತೂರಿ ಬರುತ್ತದೆ.

ಹಿಂಬದಿಗೆ ಎಂಡಿಎಫ್ ಬದಲು 5 ಮಿ.ಮೀ. ಸನ್‌ಬೋರ್ಡ್ ಹಾಕಿ, ಮೊಳೆ ಹೊಡೆಯದೆ ಸ್ಕ್ರೂ ಬಿಗಿಯಿರಿ, ಮುಂದೆ ಎಂದಾದರೂ ಬಿಚ್ಚಲು ಬರುತ್ತದೆ. ಕೊನೆಯ ಅಂಟು ಹಾಕಿದ ಮೇಲೆ ಒಂದು ವಾರ ತೆರೆದೇ ಇಟ್ಟು ಆಮೇಲೆ ಮುಚ್ಚಿ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ, ಮನೆಯ ನಡುಗೋಡೆಯಾಗಲಿ. ಪೆಟ್ಟಿಗೆಯ ಬೆನ್ನಿನ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿ ಗೋಡೆಗೂ ಅದಕ್ಕೂ ಒಂದು ಸೆಂ.ಮೀ. ಸಂದು ಬಿಡಿ. ಹಿಮದ ಗೆರೆ ನಿಮ್ಮ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 150 ಸೆಂ.ಮೀ.ಗೆ ಬರಲಿ. ಅದಕ್ಕಿಂತ ಕೆಳಗಿಟ್ಟರೆ ಕ್ಯಾಬಿನ್ನನ್ನು ಮೇಲಿನಿಂದ ಇಣುಕಿದಂತಾಗುತ್ತದೆ, ಅಂಗಳದಲ್ಲಿ ನಿಂತು ನೋಡಿದಂತೆ ಆಗುವುದಿಲ್ಲ.